ರಜೆಯ ಮನೆಯಲ್ಲೊಂದು ಜೇನುಪೆಟ್ಟಿಗೆ

ಮಾರ್ಚ್ ತಿಂಗಳು ಮುಗಿಯುತ್ತ ಬಂದಂತೆ ನಗರಗಳ ವಿದ್ಯುತ್ ಕಂಬಗಳ ಮೇಲೆ ಬೇಸಿಗೆ ಶಿಬಿರಗಳ ಫಲಕಗಳು ಕಾಣಿಸಿಕೊಳ್ಳುತ್ತವೆ. ಹತ್ತು ದಿನಗಳಲ್ಲಿ ಚಿತ್ರಕಲೆ, ಹದಿನೈದು ದಿನಗಳಲ್ಲಿ ವೇದಗಣಿತ, ಮೂರು ವಾರಗಳಲ್ಲಿ ಗಿಟಾರ್. ಕೊನೆಯ ದಿನ ಪಾಲಕರ ಸಮ್ಮುಖದಲ್ಲಿ ಪ್ರದರ್ಶನ, ಪ್ರಮಾಣಪತ್ರ, ಸಮೋಸ. ಇದನ್ನು ಹಳಿಯುವ ಉದ್ದೇಶ ನನಗಿಲ್ಲ. ತಂದೆತಾಯಿ ಇಬ್ಬರೂ ದುಡಿಯುವ ಮನೆಗಳಲ್ಲಿ ಮಕ್ಕಳನ್ನು ಎರಡು ತಿಂಗಳು ಎಲ್ಲಿ ಬಿಡುವುದೆಂಬ ಪ್ರಶ್ನೆಗೆ ಸುಲಭದ ಉತ್ತರವಿಲ್ಲ. ಆದರೆ ಮನೆ, ಕಣ, ತೋಟ, ಬಿಡುವಿರುವ ಹಿರಿಯರು ಎಲ್ಲವೂ ಇರುವ ಕೊಡಗಿನಲ್ಲೂ ರಜೆಯೆಂದರೆ ಶಿಬಿರ ಎಂಬ ಭಾವನೆ ಬೇರೂರುತ್ತಿದೆ. ಅಲ್ಲಿನ ಹಾಕಿ ಶಿಬಿರಗಳ ಮಾತು ಬೇರೆ, ಅವು ಆ ನೆಲದಿಂದಲೇ ಹುಟ್ಟಿದವು. ಉಳಿದವನ್ನು ನೋಡಿದಾಗ, ಮೈಸೂರು, ಮಂಗಳೂರು, ಬೆಂಗಳೂರುಗಳ ವಿದ್ಯಾರ್ಥಿನಿಲಯಗಳಿಂದ ಮರಳಿದ ಮಕ್ಕಳಿಗೆ ಮನೆಯೂ ಏನನ್ನಾದರೂ ಕಲಿಸಬಲ್ಲದು ಎಂಬುದನ್ನು ನಾವು ಮರೆತೆವೇ ಎನ್ನಿಸುತ್ತದೆ.

ನನ್ನ ಮನಸ್ಸಿನಲ್ಲಿರುವುದು ಜೇನು ಸಾಕಣೆ. ಶಾಲೆಯ ರಜೆಗೆ ಇಷ್ಟು ಚೆನ್ನಾಗಿ ಹೊಂದುವ ಇನ್ನೊಂದು ಕೆಲಸ ಕೊಡಗಿನಲ್ಲಿ ಇರಲಾರದು. ಮಾರ್ಚ್, ಏಪ್ರಿಲ್‌ನಲ್ಲಿ ಹೂಮಳೆ ಬೀಳುತ್ತದೆ. ಬಿದ್ದ ಎಂಟು–ಹತ್ತು ದಿನಗಳಿಗೆ ಕಾಫಿ ತೋಟಗಳು ಒಮ್ಮೆಲೇ ಬೆಳ್ಳಗಾಗುತ್ತವೆ. ಮಳೆ ಕೈಕೊಟ್ಟರೆ ಸ್ಪ್ರಿಂಕ್ಲರ್ ಇದ್ದವರು ನೀರು ಹಾರಿಸಿ ಹೂ ತರಿಸುತ್ತಾರೆ. ಆ ಹೂವಿನ ಆಯುಷ್ಯ ಕೆಲವೇ ದಿನ. ಅದರ ಹಿಂದೆಯೇ ನೇರಳೆ ಮೊದಲಾದ ಕಾಡುಮರಗಳ ಸರದಿ. ಹೀಗೆ ಏಪ್ರಿಲ್ ಮತ್ತು ಮೇ ತಿಂಗಳುಗಳು ಜೇನಿನ ಸುಗ್ಗಿ. ಮಕ್ಕಳ ರಜೆಯೂ ಅದೇ.

ಇದು ಬರಿಯ ಹವ್ಯಾಸದ ಮಾತೂ ಅಲ್ಲ. ದೇಶದ ಕಾಫಿಯ ಸುಮಾರು ಮೂರನೇ ಒಂದು ಭಾಗ ಕೊಡಗೊಂದರಿಂದಲೇ ಬರುತ್ತದೆ. ಅರೇಬಿಕಾ ತನ್ನದೇ ಪರಾಗದಿಂದ ಕಾಯಿ ಕಟ್ಟಬಲ್ಲದು. ರೊಬಸ್ಟಾಗೆ ಅದು ಸಾಧ್ಯವಿಲ್ಲ. ಬೇರೊಂದು ಗಿಡದ ಪರಾಗ ಗಾಳಿಯಿಂದಲೋ ನೊಣದಿಂದಲೋ ಬರಬೇಕು. ಕೊಡಗಿನ ತೋಟಗಳಲ್ಲಿ ನಡೆದು 2012ರಲ್ಲಿ ಪ್ರಕಟವಾದ ಅಧ್ಯಯನವೊಂದು, ಈ ಕೆಲಸದಲ್ಲಿ ಹೆಜ್ಜೇನು, ತುಡುವೆ ಮತ್ತು ಕಚ್ಚದ ಸಣ್ಣ ಜೇನುಗಳ ಪಾತ್ರವನ್ನು ಗುರುತಿಸಿತ್ತು. ಇವುಗಳಲ್ಲಿ ಹೆಜ್ಜೇನನ್ನು ಪೆಟ್ಟಿಗೆಯಲ್ಲಿ ಸಾಕಲಾಗದು. ಅದರ ವಿದ್ಯೆ ಕಾಡಿನ ಜೇನುಕುರುಬರದು. ಅವರ ಮಕ್ಕಳು ಅದನ್ನು ಕಲಿಯುವುದು ಯಾವ ಶಿಬಿರದಲ್ಲೂ ಅಲ್ಲ, ಹಿರಿಯರ ಹಿಂದೆ ನಡೆದು. ಮನೆಯಂಗಳಕ್ಕೆ ಒಗ್ಗುವುದು ತುಡುವೆ.

ತುಡುವೆಗೆ ಪೆಟ್ಟಿಗೆ ಬಂದದ್ದಕ್ಕೂ ಒಂದು ಕಥೆಯಿದೆ. ಎರಿಗಳ ನಡುವೆ ನೊಣಗಳು ಓಡಾಡಲು ಬಿಡುವ ನಿಶ್ಚಿತ ಅಂತರವನ್ನು ಅಮೆರಿಕದ ಪಾದ್ರಿ ಲ್ಯಾಂಗ್‌ಸ್ಟ್ರಾತ್ 1851ರಲ್ಲಿ ಕಂಡುಕೊಂಡು, ಎತ್ತಿ ಇಡಬಹುದಾದ ಚೌಕಟ್ಟುಗಳ ಪೆಟ್ಟಿಗೆಯನ್ನು ರೂಪಿಸಿದರು. ಅದು ಯುರೋಪಿನ ನೊಣದ ಅಳತೆಯದು. ನಮ್ಮ ಪುಟ್ಟ ತುಡುವೆಗೆ ಅದನ್ನು ಕಿರಿದುಗೊಳಿಸಿದವರು ಕಳೆದ ಶತಮಾನದ ಆರಂಭದಲ್ಲಿ ತಿರುಚಿರಾಪಳ್ಳಿಯಲ್ಲಿದ್ದ ಇನ್ನೊಬ್ಬ ಪಾದ್ರಿ, ಫಾದರ್ ನ್ಯೂಟನ್. ಕೊಡಗು ಈ ವಿದ್ಯೆಯನ್ನು ಬಹುಬೇಗ ಕೈಗೆತ್ತಿಕೊಂಡಿತು. ವಿರಾಜಪೇಟೆಯಲ್ಲಿ 1930ರ ದಶಕದಲ್ಲೇ ಜೇನು ಉತ್ಪಾದಕರ ಸಹಕಾರ ಸಂಘ ಸ್ಥಾಪನೆಯಾಗಿತ್ತು. ಭಾಗಮಂಡಲದಲ್ಲಿ ತೋಟಗಾರಿಕೆ ಇಲಾಖೆಯ ಜೇನು ಕೃಷಿ ತರಬೇತಿ ಕೇಂದ್ರವೇ ಇದೆ. ಕೊಡಗಿನ ಜೇನು ಎಂದರೆ ಕಿತ್ತಳೆಯಂತೆ, ಏಲಕ್ಕಿಯಂತೆ ಒಂದು ಹೆಸರಾಗಿತ್ತು.

ಆ ಹೆಸರಿಗೆ ಪೆಟ್ಟು ಬಿದ್ದದ್ದು 1991–92ರಲ್ಲಿ. ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗ ದಕ್ಷಿಣ ಭಾರತದ ತುಡುವೆಯನ್ನು ಹೊಕ್ಕಿತು. ಎರಿಯೊಳಗಿನ ಮರಿಹುಳುಗಳು ನೀರು ತುಂಬಿದ ಚೀಲದಂತಾಗಿ ಸಾಯುತ್ತಿದ್ದವು. ಔಷಧವಿರಲಿಲ್ಲ. ಬಹುಪಾಲು ಕುಟುಂಬಗಳು ನಾಶವಾದವು. ಅಟ್ಟ ಸೇರಿದ ಖಾಲಿ ಪೆಟ್ಟಿಗೆಗಳಲ್ಲಿ ಎಷ್ಟೋ ಮತ್ತೆ ಕೆಳಗಿಳಿಯಲೇ ಇಲ್ಲ. ರೋಗದಿಂದ ಉಳಿದುಕೊಂಡ ನೊಣಗಳು ಕ್ರಮೇಣ ಕಾಡಿನಲ್ಲಿ ಚೇತರಿಸಿಕೊಂಡವು. ಸಾಕುವ ಅಭ್ಯಾಸ ಅಷ್ಟು ಸುಲಭವಾಗಿ ಚೇತರಿಸಿಕೊಳ್ಳಲಿಲ್ಲ. ತಂದೆ ಬಿಟ್ಟದ್ದನ್ನು ಮಗ ಕಾಣಲಿಲ್ಲ, ಮೊಮ್ಮಗನಿಗೆ ಪೆಟ್ಟಿಗೆಯೆಂದರೆ ಅಟ್ಟದ ಹಳೆಯ ಸಾಮಾನು. ಕೊಡಗಿನ ಹೆಸರು ಹೊತ್ತ ಸೀಸೆಗಳು ಮಾತ್ರ ಪ್ರವಾಸಿಗರ ಅಂಗಡಿಗಳಲ್ಲಿ ಕಡಿಮೆಯಾಗಿಲ್ಲ. ಅವುಗಳಲ್ಲಿರುವುದೆಲ್ಲ ಕೊಡಗಿನದೇ ಎಂದು ಪ್ರಮಾಣ ಮಾಡುವವರು ಯಾರೂ ನನಗೆ ಸಿಕ್ಕಿಲ್ಲ.

ಪೆಟ್ಟಿಗೆಯ ಮುಂದೆ ಕುಳಿತ ಹುಡುಗ ಅಥವಾ ಹುಡುಗಿ ಕಲಿಯುವುದಾದರೂ ಏನು? ಮೊದಲನೆಯದು ನಿಧಾನ. ಅವಸರದ ಕೈಯನ್ನು ತುಡುವೆ ಸಹಿಸುವುದಿಲ್ಲ. ಹೊಗೆ ಹೆಚ್ಚಾದರೆ ಗೂಡು ಕಂಗಾಲಾಗುತ್ತದೆ, ಕಡಿಮೆಯಾದರೆ ಕೈಗೆ ಕುಟುಕುತ್ತದೆ. ಆಮೇಲಿನದು ನೋಡುವ ವಿದ್ಯೆ. ರಾಣಿಯನ್ನು ಹುಡುಕುವ ಗೋಜಿಗೆ ಅನುಭವಿಗಳು ಹೋಗುವುದಿಲ್ಲ. ಚೌಕಟ್ಟನ್ನು ಬಿಸಿಲಿಗೆ ಹಿಡಿದು ಕಣಗಳ ತಳದಲ್ಲಿ ದಾರದ ತುಂಡಿನಂಥ ಮೊಟ್ಟೆ ಕಂಡರೆ ಸಾಕು. ಮೊಟ್ಟೆ ಒಡೆಯಲು ಮೂರು ದಿನ. ಆದ್ದರಿಂದ ರಾಣಿ ಮೂರು ದಿನಗಳ ಈಚೆಗೆ ಇಲ್ಲಿ ಓಡಾಡಿದ್ದಾಳೆ ಎಂದು ಲೆಕ್ಕ. ಕಾಣದ್ದನ್ನು ಕಂಡದ್ದರಿಂದ ಊಹಿಸುವ ಈ ಕ್ರಮವನ್ನು ವಿಜ್ಞಾನದ ಪಠ್ಯಪುಸ್ತಕಗಳು ಇಷ್ಟು ಸರಳವಾಗಿ ಕಲಿಸಿದ್ದನ್ನು ನಾನು ಕಾಣೆ. ಮೇಣದ ಮುಚ್ಚಳ ಬೀಳದ ಜೇನನ್ನು ತೆಗೆಯಬಾರದು, ತೆಗೆದರೆ ನೀರಿನಂಶ ಹೆಚ್ಚಿದ್ದು ಹುಳಿಯುತ್ತದೆ. ಮೇಲಿನ ಕೋಣೆಯ ಜೇನು ಮಾತ್ರ ನಮ್ಮದು. ಕೆಳಗಿನ ಸಂಸಾರದ ಕೋಣೆಯದನ್ನು ಮುಟ್ಟುವಂತಿಲ್ಲ. ಇದರ ನಡುವೆ ಮರಗೆಲಸವೂ ಬರುತ್ತದೆ. ಚೌಕಟ್ಟಿನ ಅಳತೆ ತಪ್ಪಿದರೆ ನೊಣಗಳು ಅಡ್ಡಾದಿಡ್ಡಿ ಎರಿ ಕಟ್ಟಿ, ತಪ್ಪನ್ನು ಮೇಣದಲ್ಲೇ ಬರೆದು ತೋರಿಸುತ್ತವೆ. ಪೆಟ್ಟಿಗೆಯ ಕಾಲುಗಳನ್ನು ನೀರಿನ ಬಟ್ಟಲುಗಳಲ್ಲಿ ನಿಲ್ಲಿಸಬೇಕು. ಬಟ್ಟಲು ಒಣಗಿದ ರಾತ್ರಿಯೇ ಇರುವೆ ನುಗ್ಗುತ್ತದೆ.

ಆಕ್ಷೇಪಗಳಿವೆ. ಜೇನು ಕಚ್ಚುತ್ತದೆ, ಕೆಲವರಿಗೆ ಅದರ ಅಲರ್ಜಿ ಪ್ರಾಣಕ್ಕೇ ಅಪಾಯ, ಅಂಥವರು ದೂರವಿರಲೇಬೇಕು. ಆದಾಯದ ಆಸೆ ಹುಟ್ಟಿಸುವುದೂ ಸರಿಯಲ್ಲ. ತುಡುವೆಯ ಒಂದು ಪೆಟ್ಟಿಗೆಯಿಂದ ವರ್ಷಕ್ಕೆ ಸಿಗುವುದು ಕೆಲವೇ ಕಿಲೋ. ಇವೆಲ್ಲಕ್ಕಿಂತ ನನಗೆ ಗಂಭೀರವಾಗಿ ಕಾಣುವ ಆಕ್ಷೇಪ ಬೇರೆ. ರಜೆ ಮುಗಿಯುವುದು ಮೇ ಕೊನೆಗೆ. ಜೇನಿನ ಕಷ್ಟಕಾಲ ಆರಂಭವಾಗುವುದು ಜೂನ್‌ಗೆ. ಮಳೆ ಹಿಡಿದರೆ ನೊಣ ಹೊರಬೀಳದು, ಬಿದ್ದರೂ ಹೂವಿಲ್ಲ. ಆಗ ಸಕ್ಕರೆ ಪಾಕವಿಡಬೇಕು, ಮೇಣದ ಪತಂಗವನ್ನು ಕಾಯಬೇಕು, ಕಣಜವನ್ನು ಓಡಿಸಬೇಕು. ಸುಗ್ಗಿಯಲ್ಲಿ ಜೇನು ತೆಗೆದ ಕೈಗಳು ಆ ಹೊತ್ತಿಗೆ ಹಾಸ್ಟೆಲ್‌ನಲ್ಲಿರುತ್ತವೆ. ಬೇಸಿಗೆಯನ್ನಷ್ಟೇ ಕಲಿತವನು ಜೇನು ತೆಗೆಯುವುದನ್ನು ಕಲಿತನೇ ಹೊರತು ಸಾಕುವುದನ್ನಲ್ಲ.

ಒಂದು ವರ್ಷ ಈ ಲೆಕ್ಕ ತಪ್ಪಿತು. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಬಂದಾಗ ಹೊರಗೆ ಓದುತ್ತಿದ್ದ ಮಕ್ಕಳು ಮನೆ ಸೇರಿದರು. ಜೂನ್ ಬಂದರೂ ಮರಳಿ ಹೋಗಲಿಲ್ಲ. ಭಾಗಮಂಡಲದ ಆಚೆ ನಮ್ಮ ನೆಂಟರ ಮನೆಗೆ ಮಂಗಳೂರಿನಿಂದ ಬಂದ ಪಿಯುಸಿ ಹುಡುಗ ಮೊದಲ ವಾರವೆಲ್ಲ ಮೊಬೈಲ್ ಸಿಗ್ನಲ್ ಹುಡುಕಿ ಗುಡ್ಡ ಹತ್ತುತ್ತಿದ್ದ. ಬೇಸತ್ತ ಅಜ್ಜ ಅಟ್ಟದಿಂದ ಎರಡು ಪೆಟ್ಟಿಗೆಗಳನ್ನು ಇಳಿಸಿ, ಉಜ್ಜಿ ತೊಳೆದು ಬಿಸಿಲಿಗಿಡುವ ಕೆಲಸ ಕೊಟ್ಟರು. ಹಲಸಿನ ಮರದ ಪೊಟರೆಯಿಂದ ಒಂದು ಕುಟುಂಬ ಬಂತು, ನೆರೆಯವರಿಂದ ಇನ್ನೊಂದು. ಮೇ ತಿಂಗಳಲ್ಲಿ ಜೇನನ್ನು ಮನೆಮಂದಿಯೆಲ್ಲ ಹಂಚಿಕೊಂಡು ತಿಂದರು. ಮೊದಲ ವರ್ಷವೇ ತೆಗೆಯುವುದು ಬೇಡ ಎಂದಿದ್ದ ಅಜ್ಜ, ಮೊಮ್ಮಗನ ಆಸೆಗೆ ಸೋತು ಸುಮ್ಮನಾದರಂತೆ.

ಆಗಸ್ಟ್‌ನಲ್ಲಿ ಮಳೆ ವಿಪರೀತವಾಯಿತು. ತಲಕಾವೇರಿಯಲ್ಲಿ ಬೆಟ್ಟ ಕುಸಿದು ಅರ್ಚಕರ ಮನೆ ಮಣ್ಣಿನಡಿ ಹೋದದ್ದು ಆ ದಿನಗಳಲ್ಲೇ. ರಸ್ತೆ, ವಿದ್ಯುತ್, ದೂರವಾಣಿ ಯಾವುದೂ ಇಲ್ಲದ ಒಂದು ವಾರ ಪಾಕವಿಡಲು ಯಾರೂ ಅಂಗಳಕ್ಕಿಳಿಯಲಿಲ್ಲ. ಮಳೆ ತುಸು ಬಿಟ್ಟಾಗ ತೆರೆದು ನೋಡಿದರೆ ಒಂದು ಪೆಟ್ಟಿಗೆಯಲ್ಲಿ ಹಿಡಿಯಷ್ಟು ಸತ್ತ ನೊಣ, ಎರಿಯ ತುಂಬ ಪತಂಗದ ಬಲೆ. ಹುಡುಗ ಏನೂ ಮಾತಾಡಲಿಲ್ಲವೆಂದು ಅಜ್ಜ ಹೇಳಿದರು. ಎರಡನೆಯ ಪೆಟ್ಟಿಗೆಯ ಮುಚ್ಚಳ ತೆಗೆದು ಒಂದೊಂದೇ ಚೌಕಟ್ಟನ್ನು ಬೆಳಕಿಗೆ ಹಿಡಿದನಂತೆ. ಮೂರನೆಯದರಲ್ಲಿ ಮೊಟ್ಟೆ ಇತ್ತು. ಅಂದು ಸಂಜೆಯಿಂದ ಪಾಕ ಕುದಿಸುವ ಪಾತ್ರೆಯನ್ನು ಅವನು ಬೇರೆ ಯಾರಿಗೂ ಮುಟ್ಟಗೊಡಲಿಲ್ಲ.