ಸುತ್ತೋಲೆಗಿಂತ ಬಲವಾದ ಅಲಿಖಿತ ನಿಯಮ

ಪ್ರತಿ ಕಚೇರಿಯಲ್ಲೂ ಎರಡು ವ್ಯವಸ್ಥೆಗಳಿರುತ್ತವೆ. ಒಂದು, ಹುದ್ದೆ, ವಿಭಾಗ, ಸುತ್ತೋಲೆಗಳ ಔಪಚಾರಿಕ ವ್ಯವಸ್ಥೆ. ಇನ್ನೊಂದು, ಕಾಫಿ, ಊಟದ ಬಿಡುವಿನಲ್ಲಿ ತಾನಾಗಿ ರೂಪುಗೊಳ್ಳುವ ಅನೌಪಚಾರಿಕ ಬಳಗ. ನೌಕರ ಹೇಗೆ ನಡೆದುಕೊಳ್ಳಬೇಕೆಂದು ಮೊದಲನೆಯದು ವಿಧಿಸುತ್ತದೆ. ಹೇಗೆ ನಡೆದುಕೊಳ್ಳುತ್ತಾನೆಂಬುದನ್ನು ಬಹುಪಾಲು ಎರಡನೆಯದೇ ನಿರ್ಧರಿಸುತ್ತದೆ.

ಇದಕ್ಕೆ ಪ್ರಸಿದ್ಧ ನಿದರ್ಶನ ಅಮೆರಿಕದ ಷಿಕಾಗೊ ಬಳಿ ಇದ್ದ, ದೂರವಾಣಿ ಉಪಕರಣ ತಯಾರಿಸುತ್ತಿದ್ದ ಹಾಥಾರ್ನ್ ಕಾರ್ಖಾನೆ. 1931ರ ನವೆಂಬರ್‌ನಿಂದ 1932ರ ಮೇವರೆಗೆ ಅಲ್ಲಿನ ಕೊಠಡಿಯೊಂದರಲ್ಲಿ 14 ಕಾರ್ಮಿಕರ ವರ್ತನೆಯನ್ನು ಸಂಶೋಧಕರು ಗಮನಿಸಿದರು. ತಂಡ ಹೆಚ್ಚು ಉತ್ಪಾದಿಸಿದರೆ ಹೆಚ್ಚು ಸಂಬಳ ದೊರೆಯುತ್ತಿತ್ತು. ಆದರೂ ದಿನಕ್ಕೆ ಇಷ್ಟೇ ಕೆಲಸವೆಂದು ಕಾರ್ಮಿಕರು ತಾವೇ ಮಿತಿ ಹಾಕಿಕೊಂಡಿದ್ದರು. ಅದನ್ನು ಮೀರಿದವನಿಗೆ ಗೇಲಿ, ತೋಳಿಗೊಂದು ಗುದ್ದು. ತೀರ ಕಡಿಮೆ ದುಡಿದವನೂ, ಮೇಲಧಿಕಾರಿಗೆ ಚಾಡಿ ಹೇಳಿದವನೂ ಬಳಗದ ಅಸಮಾಧಾನಕ್ಕೆ ಗುರಿಯಾಗುತ್ತಿದ್ದರು.

ಇದನ್ನು ಸೋಮಾರಿತನ ಎಂದುಬಿಡುವುದು ಸುಲಭ. ಆದರೆ ಅದು ಆರ್ಥಿಕ ಮಹಾಕುಸಿತದ ಕಾಲ. ಹೆಚ್ಚು ದುಡಿದರೆ ಕೂಲಿಯ ದರ ಇಳಿದೀತು, ಕೆಲವರ ಕೆಲಸವೇ ಹೋದೀತು ಎಂಬ ಭೀತಿ ನಿರಾಧಾರವಾದುದಲ್ಲ. ದುರ್ಬಲರಿಗೆ ಬಳಗವೇ ರಕ್ಷಾಕವಚವಾಗಿತ್ತು.

ಆದರೆ ಈ ಕವಚ ಎಲ್ಲರನ್ನೂ ಕಾಯುವುದಿಲ್ಲ. ‘ನಮ್ಮವರ ಮೇಲೆ ದೂರು ಹೇಳಬಾರದು’ ಎಂಬ ಅಲಿಖಿತ ನಿಯಮವೇ ಲಂಚವನ್ನೂ ಕಿರುಕುಳವನ್ನೂ ಮುಚ್ಚಿಡುತ್ತದೆ. ಉದ್ಯೋಗ ಸ್ಥಳದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಗೆ 2013ರಲ್ಲಿ ಬಂದ ಕಾಯ್ದೆಯ ಪ್ರಕಾರ, ಹತ್ತು ಅಥವಾ ಹೆಚ್ಚು ನೌಕರರಿರುವ ಕಡೆ ಆಂತರಿಕ ಸಮಿತಿ ಕಡ್ಡಾಯ. ಅದರಲ್ಲಿ ಅರ್ಧದಷ್ಟಾದರೂ ಮಹಿಳೆಯರಿರಬೇಕು, ಹೊರಗಿನ ಸದಸ್ಯರೊಬ್ಬರೂ ಇರಬೇಕು. ಬಳಗದ ಹಂಗಿಲ್ಲದ ಒಂದು ದನಿಗೆ ಇದರಿಂದ ಅವಕಾಶವಾಗಿದೆ. ಆದರೆ ದೂರು ಕೊಟ್ಟ ಮರುದಿನ ಊಟದ ಮೇಜಿನಲ್ಲಿ ಆಕೆಯ ಪಕ್ಕದ ಕುರ್ಚಿ ಖಾಲಿಯಾದರೆ ಅದಕ್ಕೆ ಯಾವ ಕಾಯ್ದೆ ಉತ್ತರಿಸೀತು? ಆ ಕುರ್ಚಿಯನ್ನು ಕಂಡ ಮತ್ತೊಬ್ಬಾಕೆ ದೂರು ಕೊಡಲು ಮುಂದಾದಾಳೇ?

ಬಳಗವನ್ನು ಒಡೆಯುವುದು ಪರಿಹಾರವಲ್ಲ. ಒಡೆದರೆ ಇನ್ನೊಂದು ಹುಟ್ಟುತ್ತದೆ. ಕೆಲಸದ ಭದ್ರತೆಯ ಭರವಸೆಯಿದ್ದಲ್ಲಿ ಉತ್ಪಾದನೆ ತಡೆಯುವ ಅಗತ್ಯ ಕಡಿಮೆಯಾಗುತ್ತದೆ. ದೂರಿಗೆ ನ್ಯಾಯ ದೊರೆಯುವುದೆಂಬ ನಂಬಿಕೆಯಿದ್ದಲ್ಲಿ ಮೌನ ಸಡಿಲಗೊಳ್ಳುತ್ತದೆ. ಈ ನಂಬಿಕೆಯನ್ನು ಗಳಿಸುವ ಹೊಣೆ ಆಡಳಿತ ವರ್ಗದ್ದು. ನೊಂದವರ ಪಕ್ಕದ ಕುರ್ಚಿಯಲ್ಲಿ ಕುಳಿತುಕೊಳ್ಳುವ ಹೊಣೆ ಮಾತ್ರ ಸಹೋದ್ಯೋಗಿಗಳದ್ದೇ.