ಹತ್ತು ಮಕ್ಕಳಿಗೆ ಒಬ್ಬ ಶಿಕ್ಷಕರು ಸರಿ, ಹತ್ತು ಗುಡ್ಡಗಳಿಗೆ?

ಅಂಗವಿಕಲ ಮಕ್ಕಳ ಶಿಕ್ಷಣದ ವಿಷಯದಲ್ಲಿ ನಮಗೆ ಕಾನೂನಿನ ಬರ ಇಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ವೈಕಲ್ಯಗಳನ್ನು ಗುರುತಿಸುತ್ತದೆ. ಶೇ 40ಕ್ಕಿಂತ ಕಡಿಮೆಯಿಲ್ಲದ ವೈಕಲ್ಯ ಇರುವ 6ರಿಂದ 18 ವರ್ಷದ ಮಕ್ಕಳಿಗೆ ಹತ್ತಿರದ ಶಾಲೆಯಲ್ಲೋ, ತಾವು ಬಯಸಿದ ವಿಶೇಷ ಶಾಲೆಯಲ್ಲೋ ಉಚಿತ ಶಿಕ್ಷಣದ ಹಕ್ಕು ಕೊಡುತ್ತದೆ. ಆದರೆ ಕಲಿಸೋರು ಯಾರು? ಮೂಡಿಗೆರೆ ಕಡೆಯವನಾದ ನನ್ನನ್ನು ಕಾಡುವ ಪ್ರಶ್ನೆ ಇದು.

ಮೊದಲು ಅರ್ಹತೆ ನೋಡೋಣ. ವಿಶೇಷ ಶಿಕ್ಷಕರಾಗಲು ವಿಶೇಷ ಶಿಕ್ಷಣದಲ್ಲಿ ಡಿ.ಇಡಿ ಅಥವಾ ಬಿ.ಇಡಿ ಮಾಡಿರಬೇಕು. ಶ್ರವಣದೋಷ, ದೃಷ್ಟಿದೋಷ, ಬೌದ್ಧಿಕ ವೈಕಲ್ಯ ಹೀಗೆ ಒಂದೊಂದಕ್ಕೂ ಬೇರೆ ತರಬೇತಿ. ಆಮೇಲೆ ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಣಿ, 5 ವರ್ಷಕ್ಕೊಮ್ಮೆ ನವೀಕರಣ. ನೋಂದಣಿ ಇಲ್ಲದೆ ಈ ವೃತ್ತಿ ಮಾಡಿದರೆ 1992ರ ಪುನರ್ವಸತಿ ಪರಿಷತ್ತಿನ ಕಾಯ್ದೆಯಲ್ಲಿ ಒಂದು ವರ್ಷದವರೆಗೂ ಜೈಲು ಶಿಕ್ಷೆಗೆ ಅವಕಾಶ ಇದೆ. ನೋಂದಣಿ ಇದ್ದವರಿಗೆ ಖಾಯಂ ಕೆಲಸ ಕೊಡಿ ಅನ್ನೋ ಮಾತು ಮಾತ್ರ ಅದರಲ್ಲಿಲ್ಲ!

ಈ ಕೊರತೆಯೇ ಸುಪ್ರೀಂ ಕೋರ್ಟ್ ತನಕ ಹೋಯಿತು. ರಜನೀಶ್ ಕುಮಾರ್ ಪಾಂಡೆ ಪ್ರಕರಣದಲ್ಲಿ ಕೋರ್ಟ್ 2021ರ ಅಕ್ಟೋಬರ್‌ನಲ್ಲಿ ತೀರ್ಪು ಕೊಟ್ಟಿತು. ಮರುವರ್ಷ ಕೇಂದ್ರ ಸರ್ಕಾರ ಅನುಪಾತ ನಿಗದಿ ಮಾಡಿತು: ಪ್ರಾಥಮಿಕ ಹಂತದಲ್ಲಿ 10 ಮಕ್ಕಳಿಗೆ, ಅದರ ಮೇಲಿನ ಹಂತದಲ್ಲಿ 15 ಮಕ್ಕಳಿಗೆ ಒಬ್ಬ ವಿಶೇಷ ಶಿಕ್ಷಕರು. 2025ರ ಮಾರ್ಚ್ 7ರಂದು ಕೋರ್ಟ್ ಮತ್ತೆ ರಾಜ್ಯಗಳಿಗೆ ಚುರುಕು ಮುಟ್ಟಿಸಿತು. ಹುದ್ದೆಗಳನ್ನು ಮಂಜೂರು ಮಾಡಿ, ವರ್ಷಗಟ್ಟಲೆ ಗುತ್ತಿಗೆಯಲ್ಲಿ ದುಡಿಯುತ್ತಿರುವ ಅರ್ಹರನ್ನು ಪರಿಶೀಲನಾ ಸಮಿತಿಯ ಮೂಲಕ ಖಾಯಂ ಮಾಡಿ ಅಂತ.

ಈಗ ಈ ಲೆಕ್ಕವನ್ನು ಮಲೆನಾಡಿಗೆ ತನ್ನಿ. ಕೊಟ್ಟಿಗೆಹಾರ, ಬಾಳೂರು ದಾಟಿ ಕಳಸಕ್ಕೆ ಹೋಗುವ ದಾರಿಯ ಶಾಲೆಗಳಲ್ಲಿ ಒಟ್ಟು ಮಕ್ಕಳೇ ಕಡಿಮೆ. ಅಂಥ ಮಗು ಒಂದು ಶಾಲೆಯಲ್ಲಿ ಒಂದೋ ಎರಡೋ. ಹತ್ತರ ಲೆಕ್ಕದಲ್ಲಿ ಯಾವ ಶಾಲೆಗೂ ಹುದ್ದೆ ಹುಟ್ಟೋದಿಲ್ಲ. ಸಾಕಷ್ಟು ಶಿಕ್ಷಕರು ಸಿಗುವವರೆಗೆ ಶಾಲೆಯಿಂದ ಶಾಲೆಗೆ ಸುತ್ತುವ ಸಂಚಾರಿ ಶಿಕ್ಷಕರನ್ನು ಬಳಸಬಹುದು ಅಂತ ಕೋರ್ಟ್ ಹೇಳಿದೆ, ನಿಜ. ನಮ್ಮಲ್ಲಿ ಬ್ಲಾಕ್ ಮಟ್ಟದ ಬಿಐಇಆರ್‌ಟಿಗಳು ಮಾಡೋದು ಹೆಚ್ಚುಕಮ್ಮಿ ಅದನ್ನೇ. ಆದರೆ ಬಯಲುಸೀಮೆಯ ಹತ್ತು ಮಕ್ಕಳೂ ಇಲ್ಲಿನ ಹತ್ತು ಮಕ್ಕಳೂ ಒಂದೇ ಅಲ್ಲ. ದಿನಕ್ಕೆರಡು ಬಸ್ ಬರುವ ಊರು, ಅಲ್ಲಿಂದ ತೋಟದೊಳಗೆ ನಡಿಗೆ, ಮಳೆಗಾಲದಲ್ಲಿ ಮರ ಬಿದ್ದು ಕಟ್ಟಿದ ರಸ್ತೆ. ಮಗು ಎದುರು ಕೂರುವ ಹೊತ್ತಿಗಿಂತ ದಾರಿಯ ಹೊತ್ತೇ ಜಾಸ್ತಿ.

ಶಾಲೆಗೆ ಬರಲಾಗದ ಮಕ್ಕಳಿಗೆ ಗೃಹಾಧಾರಿತ ಶಿಕ್ಷಣ ಇದೆ. ಶಿಕ್ಷಕರು ಮನೆಗೆ ಬಂದು ಕಲಿಸಿ, ಮಿಕ್ಕ ದಿನ ಹೇಗೆ ಅಭ್ಯಾಸ ಮಾಡಿಸಬೇಕು ಅಂತ ತಾಯಿಗೆ ತೋರಿಸಿಕೊಡಬೇಕು. ಕಾಫಿ ಕೊಯ್ಲಿನ ಕಾಲದಲ್ಲಿ ಲೈನ್ ಮನೆಗೆ ಹಗಲು ಹೋಗಿ ನೋಡಿ: ತಾಯಿ ತೋಟದಲ್ಲಿ. ಕೆಜಿ ಲೆಕ್ಕದಲ್ಲಿ ಹಣ್ಣು ಕೊಯ್ಯುವವಳು ಪಾಠಕ್ಕೆ ಅಂತ ಕೂತರೆ ಆ ದಿನದ ಕೂಲಿ ಹೋಯಿತು. ಕೊಯ್ಲು ಮುಗಿದರೆ ವಲಸೆ ಬಂದ ಕುಟುಂಬ ಊರು ಬಿಡುತ್ತದೆ, ಮಗುವಿನ ಹೆಸರು ಯಾವ ಪಟ್ಟಿಯಲ್ಲೂ ನಿಲ್ಲೋದಿಲ್ಲ.

ಸ್ವಯಂಸೇವಾ ಸಂಸ್ಥೆಗಳ ವಿಶೇಷ ಶಾಲೆಗಳ ಕಥೆಯೂ ಇದೇ. ಸರ್ಕಾರದ ಶಿಶು ಕೇಂದ್ರಿತ ಅನುದಾನ ಮಕ್ಕಳ ತಲೆ ಲೆಕ್ಕದ್ದು, ಶಿಕ್ಷಕರ ಗೌರವಧನ ಹೊರಡಬೇಕಾದ್ದು ಅದರಿಂದಲೇ. ಮಕ್ಕಳು ಕಡಿಮೆಯಾದರೆ ಸಂಬಳದ ಮೇಲೇ ಹೊಡೆತ. ಎರಡು ವರ್ಷ ಓದಿ, ನೋಂದಣಿ ಮಾಡಿಸಿ, ಆಮೇಲೆ ಅನುದಾನ ಯಾವಾಗ ಬರುತ್ತೆ ಅಂತ ಕಾಯುವ ಕೆಲಸಕ್ಕೆ ಯಾರು ಗುಡ್ಡ ಹತ್ತುತ್ತಾರೆ?

ಹಾಗಾಗಿ ಕೇಳಬೇಕಾದ್ದು ಮೂರು. ಹುದ್ದೆ ಮಂಜೂರು ಮಾಡುವಾಗ ಮಕ್ಕಳ ಸಂಖ್ಯೆಯ ಜೊತೆ ದೂರವನ್ನೂ ಲೆಕ್ಕಕ್ಕೆ ಹಿಡಿಯಿರಿ. ಓಡಾಟದ ಸಮಯವನ್ನು ಕೆಲಸದ ಸಮಯ ಅಂತ ಒಪ್ಪಿ ಪ್ರಯಾಣ ಭತ್ಯೆ ಕೊಡಿ. ಸಂಬಳವನ್ನು ತಲೆ ಲೆಕ್ಕದಿಂದ ಬಿಡಿಸಿ. ಇದರಲ್ಲಿ ಯಾವುದಕ್ಕೂ ಹೊಸ ಕಾಯ್ದೆ ಬೇಕಿಲ್ಲ. ಮುಂದಿನ ಸಲ ನಿಮ್ಮ ಶಾಸಕರು ವೋಟು ಕೇಳೋಕೆ ಬಂದಾಗ, ನಮ್ಮ ತಾಲ್ಲೂಕಿಗೆ ವಿಶೇಷ ಶಿಕ್ಷಕರ ಖಾಯಂ ಹುದ್ದೆ ಎಷ್ಟು ಅಂತ ಒಂದು ಪ್ರಶ್ನೆ ಕೇಳಿ. ಉತ್ತರ ಬರೋ ತನಕ ಬಿಡಬೇಡಿ.