ಮಾರಿಯೋನ ಚೌಕಿಯಲ್ಲಿ

ಕುಂಬಳೆ ಸೀಮೆಯ ಬಯಲಾಟಗಳನ್ನು ನೋಡುತ್ತ ಬೆಳೆದ ನಮಗೆ ರಂಗಸ್ಥಳಕ್ಕಿಂತಲೂ ಚೌಕಿಯ ಮೇಲೆಯೇ ಕಣ್ಣು. ಬಣ್ಣ ಬಳಿಯುವ ಮುನ್ನ ರಾವಣನು ಹೇಗಿರುವನೆಂದು ಇಣುಕಿ ಬೈಸಿಕೊಳ್ಳದವರು ನಮ್ಮಲ್ಲಿ ವಿರಳ. ಮೊಮ್ಮಕ್ಕಳು ಊಟ ಮರೆತು ಆಡುವ ‘ಸೂಪರ್ ಮಾರಿಯೋ ಬ್ರದರ್ಸ್’ ಎಂಬ ವೀಡಿಯೋ ಆಟಕ್ಕೂ ಅಂತಹದೊಂದು ಚೌಕಿಯುಂಟು.

1985ರ ಸೆಪ್ಟೆಂಬರ್ 13ರಂದು ಜಪಾನಿನ ನಿಂಟೆಂಡೊ ಸಂಸ್ಥೆಯು ಹೊರತಂದ ಈ ಆಟವನ್ನು ಶಿಗೆರು ಮಿಯಾಮೊಟೊ, ತಕಾಶಿ ತೆಜುಕಾ ಮತ್ತು ಸಂಗಡಿಗರು ಗ್ರಾಫ್ ಕಾಗದದ ಮೇಲೆ ಬರೆದು ಬರೆದು ರೂಪಿಸಿದರು. ಇಡೀ ಆಟಕ್ಕೆ ದೊರೆತ ಜಾಗ 40 ಕಿಲೋಬೈಟ್ ಮಾತ್ರ. ಇಂದಿನ ಮೊಬೈಲಿನಲ್ಲಿ ತೆಗೆದ ಒಂದು ಭಾವಚಿತ್ರಕ್ಕೇ ಅದರ ಎಷ್ಟೋ ಪಟ್ಟು ಬೇಕು. ಆದುದರಿಂದ ಆಕಾಶದ ಮೋಡಕ್ಕೂ ನೆಲದ ಪೊದೆಗೂ ಒಂದೇ ಚಿತ್ರ, ಬಣ್ಣ ಮಾತ್ರ ಬೇರೆ! ಅಣಬೆಯಾಕಾರದ ವೈರಿ ‘ಗೂಂಬಾ’ ಕೊನೆಗೆ ಬಂದು ಸೇರಿದವನು. ಜಾಗ ತೀರಿದ್ದುದರಿಂದ ಅವನ ಒಂದೇ ಚಿತ್ರವನ್ನು ಎಡಬಲ ಮಗುಚುತ್ತ ನಡೆಯಿಸಿದರು.

ಮಾರಿಯೋನ ವೇಷವು 1981ರ ‘ಡಾಂಕಿ ಕಾಂಗ್’ ಆಟದಲ್ಲಿಯೇ ಸಿದ್ಧವಾಗಿತ್ತು. ಕೆಲವೇ ಚುಕ್ಕಿಗಳಲ್ಲಿ ಬಾಯಿ ಬಿಡಿಸಲಾಗದು, ಅದಕ್ಕೆಂದೇ ಮೀಸೆ. ನೆಗೆಯುವಾಗ ಕೂದಲನ್ನು ಅಲುಗಿಸುವುದು ಕಷ್ಟ, ಅದಕ್ಕೆ ಟೊಪ್ಪಿ. ಕೈಬೀಸು ಕಾಣಬೇಕು, ಅದಕ್ಕೆ ಅಂಗಿಗೂ ಚಲ್ಲಣಕ್ಕೂ ಎರಡು ಬಣ್ಣ. ದೀವಟಿಗೆಯ ಕಾಲದ ನಮ್ಮ ವೇಷಧಾರಿಗಳಿಗೆ ಇದನ್ನು ವಿವರಿಸಬೇಕಾಗಿರಲಿಲ್ಲ.

ಕಾಲಹರಣವೆಂದು ಗದರಿ ಒಮ್ಮೆ ಆಟವನ್ನು ಎತ್ತಿಟ್ಟವರು ನಾವೇ. ಇದನ್ನೆಲ್ಲ ತಿಳಿದ ಮೇಲೆ ಮೊಮ್ಮಗನನ್ನು ಕರೆದು, ಮೋಡವನ್ನೂ ಪೊದೆಯನ್ನೂ ತೋರಿಸೆಂದೆವು. ಅಜ್ಜನೇ ಆಡಿ ನೋಡಲಿ ಎಂದು ಅವನು ಗುಂಡಿಗಳನ್ನು ನಮ್ಮ ಕೈಗಿತ್ತನು. ಮೊದಲ ಗೂಂಬಾನಿಗೇ ನಾವು ಬಲಿಯಾದೆವು.